ಕಚ್ಚಿಕೊಂಡ ಕಬ್ಬಿಣ

ಆರಿದ್ರೆಯಿಂದ ಆಶ್ಲೇಷದವರೆಗೆ ಬಿಡದೆ ಹೊಡೆದ ಮಳೆ ಹಿಂದಕ್ಕೆ ಸರಿದು, ಹಿತ್ತಿಲಲ್ಲಿ ನಾಲ್ಕು ದಿನ ಬಿಸಿಲು ಬಿದ್ದರೆ, ನಮ್ಮ ಭದ್ರಾವತಿ ಶಿವಮೊಗ್ಗದ ಕಡೆಯ ಮನೆಗಳಲ್ಲಿ ಒಳಗಿದ್ದದ್ದೆಲ್ಲ ಹೊರಕ್ಕೆ ಬರುತ್ತದೆ. ಹಾಸಿಗೆ, ಕಂಬಳಿ, ಗೋಣಿಚೀಲ, ಬೂಸಲು ಹಿಡಿದ ಪುಸ್ತಕ, ಎಲ್ಲಕ್ಕೂ ಬಿಸಿಲಿನ ಸ್ನಾನ. ಕೆಲವು ಮನೆಗಳಲ್ಲಿ ಅವುಗಳ ಹಿಂದೆಯೇ ಶೆಡ್ಡಿನ ಮೂಲೆಯಿಂದ ಒಂದು ಹಳೆಯ ಮೋಟಾರ್ ಸೈಕಲ್ಲೂ ಹೊರಡುತ್ತದೆ. ತಂದೆ ಓಡಿಸುತ್ತಿದ್ದ ಜಾವಾ, ಇಲ್ಲವೆ ಸೋದರಮಾವ ಬಿಟ್ಟುಹೋದ ಯೆಜ್ದಿ. ಮನೆಯ ಹುಡುಗ ಹುಮ್ಮಸ್ಸಿನಿಂದ ಅದನ್ನೇರಿ ಕಿಕ್ಕಿನ ಮೇಲೆ ಕಾಲಿಡುತ್ತಾನೆ. ಕಿಕ್ಕು ಇಳಿಯುವುದಿಲ್ಲ. ಎದ್ದು ನಿಂತು ಮೈಭಾರವನ್ನೆಲ್ಲ ಹಾಕುತ್ತಾನೆ, ಆಗಲೂ ಇಳಿಯುವುದಿಲ್ಲ. ಬೇಲಿಯಾಚೆಯಿಂದ ನೋಡುತ್ತಿದ್ದ ನೆರೆಮನೆಯವರು ತೀರ್ಪು ಕೊಟ್ಟುಬಿಡುತ್ತಾರೆ: "ಸೀಜ್ ಆಗಿದೆ ಮಾರಾಯಾ, ಗುಜರಿಯವನಿಗೆ ತೂಕಕ್ಕೆ ಹಾಕು."

ಈ ತೀರ್ಪನ್ನು ನೀವು ಅಷ್ಟು ಬೇಗ ಒಪ್ಪಿಕೊಳ್ಳಬಾರದೆಂಬುದು ನನ್ನ ಕೋರಿಕೆ. ಹಾಗೆಯೇ ಆ ಹುಡುಗನನ್ನು ಕಿಕ್ಕಿನ ಮೇಲಿಂದ ಕೆಳಗಿಳಿಸಬೇಕೆಂಬುದೂ ನನ್ನ ಕೋರಿಕೆಯೇ. ಗುಜರಿಯವನು ಒಂದೇ ಸಲಕ್ಕೆ ಗಾಡಿಯನ್ನು ಒಯ್ಯುತ್ತಾನೆ. ಅವಸರದ ಹುಡುಗನಾದರೋ ದಿನಕ್ಕೊಂದು ಭಾಗದಂತೆ ಮುರಿಯುತ್ತ ಬರುತ್ತಾನೆ. ಕೊನೆಯಲ್ಲಿ ವ್ಯತ್ಯಾಸವೇನೂ ಉಳಿಯುವುದಿಲ್ಲ.

ಮುರಿದರೆ ಹೊಸದು ತಂದರಾಯಿತೆಂದು ನೀವು ಕೇಳಬಹುದು. ಈ ಗಾಡಿಗಳ ವಿಷಯದಲ್ಲಿ ಅದು ಸುಲಭದ ಮಾತಲ್ಲ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪನಿ ೧೯೬೧ರಲ್ಲಿ ಜೆಕೊಸ್ಲೊವಾಕಿಯದ ನಮೂನೆಯ ಮೋಟಾರ್ ಸೈಕಲ್ಲುಗಳ ತಯಾರಿಕೆಗೆ ತೊಡಗಿತು. ೧೯೭೦ರ ದಶಕದಲ್ಲಿ ಹೆಸರು ಯೆಜ್ದಿ ಎಂದಾಯಿತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ೨೦೧೮ರಲ್ಲಿ ಜಾವಾ, ೨೦೨೨ರಲ್ಲಿ ಯೆಜ್ದಿ ಎಂಬ ಹೆಸರುಗಳು ಮತ್ತೆ ಪೇಟೆಗೆ ಬಂದುವೆಂಬುದೇನೋ ನಿಜ. ಆದರೆ ಅವು ಬೇರೆ ಜಾತಿಯ ಎಂಜಿನ್ನಿನ ಗಾಡಿಗಳು, ಅವುಗಳ ಬಿಡಿಭಾಗ ಇವಕ್ಕೆ ಕೂಡುವುದಿಲ್ಲ. ಹಳೆಯ ಗಾಡಿಗಳಿಗೆಂದು ಮಾರುವ ನಕಲು ಭಾಗಗಳಲ್ಲಿ ಒಳ್ಳೆಯವೂ ಉಂಟು, ಕೆಟ್ಟವೂ ಉಂಟು. ಎಂಜಿನ್ನಿನ ಅಲ್ಯೂಮಿನಿಯಂ ಒಡಲು ಸೀಳಿತೆಂದರೆ, ಅದರ ಬದಲಿಗೆ ಇನ್ನೊಂದು ಹಳೆಯ ಗಾಡಿಯ ಪ್ರಾಣವನ್ನೇ ತೆಗೆಯಬೇಕು.

ಇನ್ನು ಕಚ್ಚಿಕೊಳ್ಳುವುದೆಂದರೆ ಏನೆಂದು ನೋಡೋಣ. ಭದ್ರಾವತಿಯವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ೧೯೨೩ರಲ್ಲಿ ಇಲ್ಲಿಯ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಹೊತ್ತಿಕೊಂಡಾಗ ಅದಕ್ಕೆ ಉಣಿಸಿದ್ದು ಕೆಮ್ಮಣ್ಣುಗುಂಡಿಯ ಅದಿರನ್ನು. ಉರಿಸಿದ್ದು ಮಲೆನಾಡಿನ ಸೌದೆಯ ಇದ್ದಲನ್ನು. ಅದಿರಿನಲ್ಲಿ ಕಬ್ಬಿಣವು ಆಮ್ಲಜನಕದೊಡನೆ ಕೂಡಿಕೊಂಡಿರುತ್ತದೆ. ಕುಲುಮೆಯಲ್ಲಿ ಇದ್ದಲು ಆ ಆಮ್ಲಜನಕವನ್ನು ಕಿತ್ತುಕೊಂಡು ಕಬ್ಬಿಣವನ್ನು ಬೇರೆ ಮಾಡುತ್ತದೆ. ಆದರೆ ಕಬ್ಬಿಣಕ್ಕೆ ತವರಿನ ಹಂಬಲ ತಪ್ಪಿದ್ದಲ್ಲ. ನೀರೂ ಗಾಳಿಯೂ ಒಟ್ಟಿಗೆ ಸಿಕ್ಕಿದರೆ ಸಾಕು, ಮತ್ತೆ ಆಮ್ಲಜನಕದೊಡನೆ ಕೂಡಿ ಕೆಂಪು ಮಣ್ಣಾಗುತ್ತದೆ. ಅದೇ ತುಕ್ಕು. ಮಲೆನಾಡಿನ ಮಳೆಗಾಲದಲ್ಲಿ ಈ ಎರಡಕ್ಕೂ ಕೊರತೆಯಿಲ್ಲ.

ಹೀಗೆ ಮಣ್ಣಾಗುವಾಗ ಕಬ್ಬಿಣ ಉಬ್ಬುತ್ತದೆ. ತುಕ್ಕಿಗೆ ಬೇಕಾದ ಜಾಗ, ಅದು ಹುಟ್ಟಿದ ಕಬ್ಬಿಣದ ಜಾಗದ ಎರಡು ಪಟ್ಟಿಗಿಂತಲೂ ಹೆಚ್ಚು. ಬೋಲ್ಟಿಗೂ ನಟ್ಟಿಗೂ ನಡುವೆ ಕಣ್ಣಿಗೆ ಕಾಣದಷ್ಟು ಸಂದು ಇರುತ್ತದಲ್ಲವೆ? ತುಕ್ಕು ಆ ಸಂದನ್ನು ತುಂಬಿ, ಇನ್ನೂ ಜಾಗ ಬೇಕೆಂದು ಎರಡೂ ಕಡೆಗೆ ಒತ್ತುತ್ತದೆ. ನಮ್ಮ ಜನ ಇದಕ್ಕೆ ಇಟ್ಟಿರುವ ಹೆಸರು ಬಹಳ ಸರಿಯಾದದ್ದು: ಕಚ್ಚಿಕೊಂಡಿದೆ. ಕಚ್ಚಿಕೊಂಡದ್ದನ್ನು ಎಳೆದರೆ ಏನಾಗುತ್ತದೆಂಬುದು ನಾಯಿಯ ಬಾಯಿಂದ ಪಂಚೆ ಬಿಡಿಸಿಕೊಂಡವರಿಗೆ ಗೊತ್ತು.

ಮೋಟಾರ್ ಸೈಕಲ್ಲಿಗೆ ಕೈ ಹಾಕುವ ಮೊದಲು ಮನೆಯ ಹಳೆಯ ಸೈಕಲ್ಲಿನ ಮೇಲೆ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ಪೆಡಲನ್ನೇ ತೆಗೆದುಕೊಳ್ಳಿ. ಬಲಗಡೆಯ ಪೆಡಲು ಎಲ್ಲ ನಟ್ಟುಗಳಂತೆ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಎಡಗಡೆಯದು ಹಾಗಲ್ಲ, ಅದರ ಥ್ರೆಡ್ಡು ತಿರುವುಮುರುವು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ತುಳಿಯುತ್ತ ತುಳಿಯುತ್ತ ಅದು ತಾನಾಗಿ ಕಳಚಿಕೊಳ್ಳದಿರಲೆಂದು ಹಾಗೆ ಮಾಡಿರುತ್ತಾರೆ. ಇದನ್ನರಿಯದೆ ಎಡ ಪೆಡಲನ್ನು ಎಡಕ್ಕೇ ತಿರುಗಿಸುತ್ತ, ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ ಇನ್ನಷ್ಟು ಬಲ ಹಾಕುತ್ತ, "ಕಚ್ಚಿಕೊಂಡಿದೆ" ಎಂದು ಬೈಯುವವರು ಎಷ್ಟೋ ಮಂದಿ. ಬಲ ಹಾಕುವ ಮುನ್ನ ದಿಕ್ಕನ್ನು ಕೇಳಿಕೊಳ್ಳಬೇಕು.

ಹಳೆಯ ಮಾದರಿಯ ಸೈಕಲ್ಲಿನ ಕಾಟರ್ ಪಿನ್ ಇನ್ನೊಂದು ಒಳ್ಳೆಯ ಪಾಠ. ಅದರ ನಟ್ಟನ್ನು ಪೂರ್ತಿ ತೆಗೆದು ಪಿನ್ನಿನ ತುದಿಗೆ ಸುತ್ತಿಗೆಯಿಂದ ಹೊಡೆದರೆ ತುದಿ ಅಣಬೆಯಂತೆ ಹರಡಿಕೊಳ್ಳುತ್ತದೆ. ಆಮೇಲೆ ಅದು ತೂತಿನಲ್ಲಿ ನುಗ್ಗುವುದೇ ಇಲ್ಲ. ನಟ್ಟನ್ನು ಸಡಿಲಿಸಿ, ಪಿನ್ನಿನ ತುದಿಯ ಮಟ್ಟಕ್ಕೆ ನಿಲ್ಲಿಸಿ, ಅದರ ಮೇಲೆ ಹೊಡೆಯಬೇಕು. ಅದಕ್ಕೂ ಮುಂಚೆ ಕ್ರ್ಯಾಂಕಿನ ಕೆಳಗೆ, ಪಿನ್ನಿನ ತಲೆ ಒಳಗೆ ಇಳಿಯುವಂತೆ, ಒಂದು ದಪ್ಪ ಕಬ್ಬಿಣದ ಕೊಳವೆಯ ತುಂಡನ್ನು ನೆಲದಿಂದ ಊರೆಗೊಡಬೇಕು. ಇಲ್ಲದಿದ್ದರೆ ಪೆಟ್ಟೆಲ್ಲ ಒಳಗಿನ ಗುಂಡುಗಳಿಗೆ ತಗಲುತ್ತದೆ, ಪಿನ್ನಿಗೆ ಏನೂ ಆಗುವುದಿಲ್ಲ. ಊರೆ ಕೊಟ್ಟು ಹೊಡೆದ ಒಂದು ಪೆಟ್ಟು ಊರೆಯಿಲ್ಲದ ಹತ್ತು ಪೆಟ್ಟಿಗೆ ಸಮ.

ಈಗ ಸ್ಪ್ಯಾನರಿನ ಮಾತು. ಜಾವಾ ಯೆಜ್ದಿಗಳ ನಟ್ಟುಗಳು ಮಿಲಿಮೀಟರ್ ಅಳತೆಯವು. ಹಳೆಯ ಬುಲೆಟ್ಟಿನವು ಇಂಗ್ಲಿಷರ ಅಂಗುಲದ ಅಳತೆಯವು. ಒಂದರ ಸ್ಪ್ಯಾನರು ಇನ್ನೊಂದಕ್ಕೆ ಹೆಚ್ಚುಕಡಿಮೆ ಕೂಡುತ್ತದೆ, ಅಪಾಯವಿರುವುದೇ ಆ ಹೆಚ್ಚುಕಡಿಮೆಯಲ್ಲಿ. ಸಡಿಲ ನಟ್ಟಿಗಾದರೆ ನಡೆದೀತು. ಕಚ್ಚಿಕೊಂಡ ನಟ್ಟಿನ ಆರು ಮೂಲೆಗಳೂ ಉರುಟಾಗಿ ಹೋಗುತ್ತವೆ. ಆದಕಾರಣ ಬಾಯ್ದೆರೆದ ಸ್ಪ್ಯಾನರೂ ಬೇಡ, ತಿರುಗಿಸಿ ಅಳತೆ ಹೊಂದಿಸುವ ಸ್ಪ್ಯಾನರೂ ಬೇಡ. ನಟ್ಟನ್ನು ಸುತ್ತಲೂ ಹಿಡಿಯುವ ರಿಂಗ್ ಸ್ಪ್ಯಾನರನ್ನೋ ಬಾಕ್ಸ್ ಸ್ಪ್ಯಾನರನ್ನೋ, ಸರಿಯಾದ ಅಳತೆಯದನ್ನು ಕೊಂಡುಕೊಳ್ಳಿ. ಎರವಲು ತರುವುದಾದರೂ ಒಳ್ಳೆಯದನ್ನೇ ತನ್ನಿ.

ಮೊದಲ ದಿನದ ಕೆಲಸ ಇಷ್ಟೇ: ತಂತಿಯ ಬ್ರಷ್ಷಿನಿಂದ ಹೊರಗೆ ಕಾಣುವ ಥ್ರೆಡ್ಡಿನ ತುಕ್ಕನ್ನೂ ಮಣ್ಣನ್ನೂ ಕೆರೆದು, ಎಣ್ಣೆ ಬಿಟ್ಟು, ಮನೆಯೊಳಕ್ಕೆ ಹೋಗಿ ಕಾಫಿ ಕುಡಿಯುವುದು. ಆ ದಿನ ಸ್ಪ್ಯಾನರನ್ನು ಮುಟ್ಟಕೂಡದು. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸವೆಂದು ನನ್ನ ಅನುಭವ.

ಯಾವ ಎಣ್ಣೆ? ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವಂತೆ ಕಿರಿದಾದ ಸಂದಿನಲ್ಲಿ ತೆಳುವಾದ ಎಣ್ಣೆ ತಾನಾಗಿ ಹರಿದುಹೋಗುತ್ತದೆ. ದಪ್ಪ ಎಂಜಿನ್ ಎಣ್ಣೆ ಹೊರಗೇ ನಿಲ್ಲುತ್ತದೆ. ತುಕ್ಕು ಬಿಡಿಸಲೆಂದೇ ಡಬ್ಬದಲ್ಲಿ ಬರುವ ಎಣ್ಣೆಗಳಿವೆ. ಇಲ್ಲವಾದರೆ ಡೀಸೆಲ್ ಆಗಬಹುದು. ಆಟೋಮ್ಯಾಟಿಕ್ ಗೇರಿನ ಕಾರುಗಳಿಗೆ ಹಾಕುವ ತೆಳು ಎಣ್ಣೆ ಒಂದು ಪಾಲು, ಅಸಿಟೋನ್ ಒಂದು ಪಾಲು ಕೂಡಿಸಿ, ಪ್ರತಿ ಸಲವೂ ಕುಲುಕಿ ಬಿಡುವವರಿದ್ದಾರೆ. ಅದು ಚೆನ್ನಾಗಿಯೇ ಇಳಿಯುತ್ತದೆ. ಆದರೆ ಅಸಿಟೋನಿಗೆ ಬಹುಬೇಗ ಬೆಂಕಿ ಹತ್ತುತ್ತದೆ, ಬಣ್ಣವನ್ನೂ ತಿನ್ನುತ್ತದೆ. ಟ್ಯಾಂಕಿನ ಮೇಲೆ ತೊಟ್ಟಿಕ್ಕದಂತೆ ಎಚ್ಚರವಿರಲಿ. ನಮ್ಮ ಮನೆಗಳಲ್ಲಿ ಎಲ್ಲ ಕೀರಲು ಸದ್ದಿಗೂ ಕೊಬ್ಬರಿಎಣ್ಣೆ ಬಿಡುವ ಪದ್ಧತಿಯಿದೆ. ಬಾಗಿಲ ಕೀಲಿಗೆ ಬಿಡುವಿರಾದರೆ ನಾನು ತಡೆಯುವುದಿಲ್ಲ, ಯಂತ್ರಕ್ಕೆ ಮಾತ್ರ ಬೇಡ. ಮಾರ್ಗಶಿರದ ಬೆಳಗ್ಗೆ ಬಾಟಲಿಯಲ್ಲೇ ಹೆಪ್ಪುಗಟ್ಟುವ ಎಣ್ಣೆ ಸಂದಿನೊಳಗೆ ಹೇಗೆ ಹರಿದೀತು? ದಿನ ಕಳೆದಂತೆ ಅದು ಅಂಟಾಗಿ ತಾನೇ ಕಚ್ಚಿಕೊಳ್ಳುತ್ತದೆ.

ಬೆಳಗ್ಗೆ ಸಂಜೆ ಎರಡು ಹನಿಯಂತೆ ಮೂರು ದಿನ ಬಿಟ್ಟ ಮೇಲೆ ಸ್ಪ್ಯಾನರು ಹಾಕಿ. ಮೊದಲು ಬೋಲ್ಟಿನ ತಲೆಯ ಮೇಲೆ ಸುತ್ತಿಗೆಯಿಂದ ನೇರವಾಗಿ ನಾಲ್ಕಾರು ಪೆಟ್ಟು ಕೊಡಿ. ಜೋರಾಗಿ ಬೇಡ, ಟಣ್ ಎನ್ನುವಷ್ಟು. ತುಕ್ಕು ಗಟ್ಟಿಯಾದರೂ ಮಣ್ಣೇ ತಾನೆ. ಅದುರಿದರೆ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಅಲ್ಯೂಮಿನಿಯಂ ಒಡಲಿನ ಹತ್ತಿರ ಈ ಪೆಟ್ಟನ್ನೂ ಕೊಡಬೇಡಿ. ಆಮೇಲೆ ಬಿಚ್ಚುವ ದಿಕ್ಕಿಗಲ್ಲ, ಬಿಗಿಯುವ ದಿಕ್ಕಿಗೆ ಒಂದೆಳೆಯಷ್ಟು ಒತ್ತಿ ನೋಡಿ. ಎಷ್ಟೋ ಸಲ ಅಲ್ಲೇ 'ಕಟ್' ಎಂದು ಸದ್ದಾಗಿ ಹಿಡಿತ ಬಿಡುತ್ತದೆ. ಈಗ ಬಿಚ್ಚುವ ದಿಕ್ಕಿಗೆ ಅರ್ಧ ಸುತ್ತು. ಬಿಗಿಯಾಯಿತೆಂದರೆ ಹಿಂದಕ್ಕೆ ಕಾಲು ಸುತ್ತು, ಎರಡು ಹನಿ ಎಣ್ಣೆ, ಮತ್ತೆ ಮುಂದಕ್ಕೆ. ಒಂದೇ ಉಸಿರಿಗೆ ಬಿಚ್ಚಿಬಿಡುವ ಆಸೆಗೆ ಒಳಗಾದರೆ, ಉದುರಿದ ತುಕ್ಕಿನ ಪುಡಿ ಥ್ರೆಡ್ಡಿನಲ್ಲಿ ಅರೆದುಕೊಂಡು ಬೋಲ್ಟು ಅಲ್ಲೇ ತುಂಡಾಗುತ್ತದೆ. ತುಂಡಾಗುವ ಮುನ್ನ ಕೈಗೆ ಒಂದು ಸೂಚನೆ ಬರುತ್ತದೆ. ನಟ್ಟು ತಿರುಗುತ್ತಿರುವುದು ಗಟ್ಟಿಯಾಗಿ ತಿಳಿಯುತ್ತದೆ. ಬೋಲ್ಟು ತಿರುಚಿಕೊಳ್ಳುತ್ತಿರುವುದಾದರೋ ಬೆಲ್ಲದ ಪಾಕದಂತೆ ಮೆತ್ತಗೆ ತಿಳಿಯುತ್ತದೆ. ಮೆತ್ತಗಾಯಿತೆಂದರೆ ಕೈ ತೆಗೆಯಿರಿ.

ಎಣ್ಣೆಗೂ ಪೆಟ್ಟಿಗೂ ಬಗ್ಗದಿದ್ದರೆ ಕಾವು. ಕಾವನ್ನು ಬಳಸುವ ಮುನ್ನ, ಯಾವ ಲೋಹದೊಳಗೆ ಯಾವ ಲೋಹ ಕುಳಿತಿದೆಯೆಂದು ನೋಡಲೇಬೇಕು. ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟೆ ಹೊದಿಸುವುದನ್ನು ನಿಮ್ಮಲ್ಲಿ ಹಿರಿಯರು ಕಂಡಿರಬಹುದು. ಪಟ್ಟೆಯ ಸುತ್ತ ಬೆರಣಿಯಿಟ್ಟು ಉರಿಸಿ, ಕಾದು ಹಿಗ್ಗಿದ ಪಟ್ಟೆಯನ್ನು ಮರದ ಚಕ್ರಕ್ಕೆ ತೊಡಿಸಿ ನೀರು ಹೊಯ್ಯುತ್ತಾರೆ. ಅದು ಕುಗ್ಗಿ ಚಕ್ರವನ್ನು ಅಪ್ಪಿಕೊಳ್ಳುತ್ತದೆ. ಹೊರಗಿನದು ಹಿಗ್ಗಿದರೆ ಹಿಡಿತ ಸಡಿಲ, ಒಳಗಿನದು ಹಿಗ್ಗಿದರೆ ಹಿಡಿತ ಬಿಗಿ. ಅಲ್ಯೂಮಿನಿಯಮ್ಮು ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಜಾವಾದ ಎಂಜಿನ್ನಿನ ತಲೆ ಅಲ್ಯೂಮಿನಿಯಂ, ಅದರಲ್ಲಿ ಕುಳಿತ ಸ್ಪಾರ್ಕ್ ಪ್ಲಗ್ಗು ಉಕ್ಕು. ಇಲ್ಲಿ ಕಾವು ನಿಮ್ಮ ಪಕ್ಷದಲ್ಲಿದೆ, ಅದಕ್ಕೆ ಬೆಂಕಿಯೂ ಬೇಕಾಗಿಲ್ಲ. ಬಚ್ಚಲ ಹಂಡೆಯಿಂದ ಕುದಿಯುವ ನೀರು ತಂದು ಬಟ್ಟೆಯ ಮೇಲೆ ಹೊಯ್ದು ಸುತ್ತಿದರೆ ಸಾಕು. ಲೆಕ್ಕ ಹಾಕಿದರೆ ೧೪ ಮಿಲಿಮೀಟರ್ ಅಗಲದ ಆ ತೂತು ಪ್ಲಗ್ಗಿಗಿಂತ ಹಿಗ್ಗುವುದು ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗ. ನಿಮ್ಮ ತಲೆಗೂದಲು ಅದಕ್ಕಿಂತ ಎಷ್ಟೋ ದಪ್ಪ. ಆದರೂ ಎಣ್ಣೆಗೆ ಅಷ್ಟೇ ಸಾಕು.

ಕಬ್ಬಿಣದ ಮೇಲೆ ಕಬ್ಬಿಣ ಕಚ್ಚಿದ್ದರೆ ಉರಿಯ ಕಾವೇ ಬೇಕಾಗುತ್ತದೆ. ನಟ್ಟನ್ನು ಕಾಯಿಸಿ, ಬೆಂಕಿ ತೆಗೆದು, ಮೇಣದಬತ್ತಿಯನ್ನು ಥ್ರೆಡ್ಡಿಗೆ ಒತ್ತಿದರೆ ಮೇಣ ಕರಗಿ ಒಳಕ್ಕೆ ಎಳೆದುಕೊಳ್ಳುವುದನ್ನು ಕಣ್ಣಾರೆ ಕಾಣಬಹುದು. ಆದರೆ ಬೆಂಕಿ ಹಚ್ಚುವ ಮುನ್ನ ಪೆಟ್ರೋಲ್ ಟ್ಯಾಂಕು, ಕಾರ್ಬುರೇಟರು, ಬ್ಯಾಟರಿ, ಎಣ್ಣೆ ಬಟ್ಟೆ, ಅಸಿಟೋನ್ ಡಬ್ಬ, ಎಲ್ಲವೂ ಅಂಗಳದ ಆಚೆ ತುದಿಯಲ್ಲಿರಬೇಕು. ಖಾಲಿ ಟ್ಯಾಂಕೆಂದು ಉದಾಸೀನ ಬೇಡ. ಖಾಲಿ ಟ್ಯಾಂಕಿನಲ್ಲಿರುವುದು ಪೆಟ್ರೋಲಿನ ಆವಿ, ಸಿಡಿಯುವುದು ಅದೇ. ಇದಕ್ಕೆ ಅನುಕೂಲವಿಲ್ಲದವರು ಆ ಒಂದು ಕೆಲಸವನ್ನು ಲೇತಿನ ಅಂಗಡಿಗೆ ಒಯ್ಯುವುದು ಮೇಲು. ಬೋಲ್ಟು ಒಳಗೇ ತುಂಡಾಗಿದ್ದರೂ ಅಷ್ಟೆ. ಉಳಿದ ಮೊಟಕಿನ ಮೇಲೆ ಹೊಸ ನಟ್ಟೊಂದನ್ನು ವೆಲ್ಡ್ ಮಾಡಿದರೆ ಹಿಡಿಯಲು ತಲೆಯೂ ಬರುತ್ತದೆ, ಕಾವೂ ತಗಲುತ್ತದೆ. ಒಳ್ಳೆಯ ವೆಲ್ಡರಿಗೆ ಅದು ಹತ್ತು ನಿಮಿಷದ ಕೆಲಸ.

ಇನ್ನು ಕಿಕ್ಕು ಇಳಿಯದ ಎಂಜಿನ್ನಿಗೆ ಬರೋಣ. ಮೊದಲು ಮನೆಯ ಹಿರಿಯರನ್ನು ಒಂದು ಮಾತು ಕೇಳಿ: ಗಾಡಿ ಓಡುತ್ತಿದ್ದಾಗಲೇ ನಿಂತಿತೋ, ಓಡಿಸಿ ನಿಲ್ಲಿಸಿದ್ದು ಹಾಗೇ ಉಳಿಯಿತೋ? ಈ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಸಿಲಿಂಡರಿಗೆ ಸಿಗುವ ಎಣ್ಣೆಯೆಲ್ಲ ಪೆಟ್ರೋಲಿನೊಡನೆ ಬೆರೆಸಿದ್ದೇ. ಬೆರೆಸಲು ಮರೆತು ಓಡಿಸಿದ್ದರೆ ಪಿಸ್ಟನ್ನಿನ ಅಲ್ಯೂಮಿನಿಯಮ್ಮು ಸಿಲಿಂಡರಿನ ಗೋಡೆಗೆ ಒರೆದು ಅಂಟಿರುತ್ತದೆ. ಅದು ತುಕ್ಕಲ್ಲ, ನೆನೆಹಾಕಿ ಕಾದು ಪ್ರಯೋಜನವಿಲ್ಲ, ಎಂಜಿನ್ನನ್ನು ಬಿಚ್ಚಲೇಬೇಕು. ನಿಂತಲ್ಲೇ ನಿಂತು ಕಚ್ಚಿಕೊಂಡದ್ದಾದರೆ ಆಸೆಯಿದೆ.

ಪ್ಲಗ್ಗನ್ನು ತೆಗೆದು ಹಸಿ ಬಿದಿರಿನ ಉದ್ದನೆಯ ಕಡ್ಡಿಯನ್ನು ನಿಧಾನವಾಗಿ ಇಳಿಬಿಟ್ಟು ಪಿಸ್ಟನ್ ಎಷ್ಟು ಆಳದಲ್ಲಿದೆಯೆಂದು ನೋಡಿ. ಹಳೆಯ ಜಾವಾ ೨೫೦ರಲ್ಲಿ ಪಿಸ್ಟನ್ನಿನ ಅಗಲ ೬೫ ಮಿಲಿಮೀಟರ್, ಅದು ಮೇಲಿನಿಂದ ಕೆಳಕ್ಕೆ ಓಡಾಡುವ ದೂರ ೭೫ ಮಿಲಿಮೀಟರ್. ಮೇಲುಗಡೆಯೇ ನಿಂತಿದ್ದರೆ ನಿಮ್ಮ ಅದೃಷ್ಟ; ಪ್ಲಗ್ಗಿನ ತೂತಿನಿಂದ ಬಿಟ್ಟ ಎಣ್ಣೆ ಅದರ ತಲೆಯ ಮೇಲೆ ನಿಂತು ಅಂಚಿನಿಂದ ಇಳಿಯುತ್ತದೆ. ಕೆಳಗಡೆ ನಿಂತಿದ್ದರೆ ಸಿಲಿಂಡರಿನ ಪಕ್ಕದ ಬಾಗಿಲುಗಳು ತೆರೆದಿರುತ್ತವೆ, ಬಿಟ್ಟ ಎಣ್ಣೆಯೆಲ್ಲ ಸೈಲೆನ್ಸರಿನೊಳಕ್ಕೋ ಕ್ರ್ಯಾಂಕಿನ ಕೋಣೆಗೋ ಹರಿದುಹೋಗುತ್ತದೆ. ವಾರವೆಲ್ಲ ಎಣ್ಣೆ ಹೊಯ್ದರೂ ಕದಲಲಿಲ್ಲವೆಂದು ದೂರುವವರಲ್ಲಿ ಬಹುಪಾಲು ಜನ ಎಣ್ಣೆ ಹೊಯ್ದದ್ದು ಸೈಲೆನ್ಸರಿಗೇ. ಹೀಗಿದ್ದಾಗ ಸೈಲೆನ್ಸರಿನ ಕೊಳವೆಗಳನ್ನು ಕಳಚಿ, ಆ ಬಾಯಿಂದಲೇ ಸಣ್ಣ ಕುಂಚದಲ್ಲಿ ಪಿಸ್ಟನ್ನಿನ ಸುತ್ತ ಎಣ್ಣೆ ಸವರಬೇಕು.

ಇಲ್ಲಿ ಕಾವನ್ನು ನಂಬಬೇಡಿ. ಸಿಲಿಂಡರು ಎರಕದ ಕಬ್ಬಿಣ, ಒಳಗಿನ ಪಿಸ್ಟನ್ ಅಲ್ಯೂಮಿನಿಯಂ. ಗಾಡಿಯ ಚಕ್ರದ ಲೆಕ್ಕ ಇಲ್ಲಿ ತಲೆಕೆಳಗು. ಎಲ್ಲವನ್ನೂ ಕಾಯಿಸಿದರೆ ಒಳಗಿನದೇ ಹೆಚ್ಚು ಹಿಗ್ಗಿ ಇನ್ನಷ್ಟು ಬಿಗಿಯುತ್ತದೆ. ಪ್ಲಗ್ಗಿನ ತೂತಿನಿಂದ ಸರಳು ತೂರಿಸಿ ಪಿಸ್ಟನ್ನಿನ ತಲೆಗೆ ಹೊಡೆಯುವ ಮೇಸ್ತ್ರಿಗಳೂ ಉಂಟು. ಅಂಥವರಿಗೆ ಗಾಡಿಯನ್ನು ಒಪ್ಪಿಸುವುದಕ್ಕಿಂತ ಗುಜರಿಯವನಿಗೆ ಕೊಟ್ಟರೆ ಚಿಲ್ಲರೆಯಾದರೂ ಕೈಗೆ ಬರುತ್ತದೆ.

ಹತ್ತು ಹದಿನೈದು ದಿನ ದಿನಕ್ಕೊಮ್ಮೆ ಎಣ್ಣೆ ಬಿಡಿ. ಆಮೇಲೆ ಗೇರನ್ನು ನಾಲ್ಕಕ್ಕೆ ಹಾಕಿ, ಪ್ಲಗ್ಗು ಹೊರಗೇ ಇರಲಿ, ಕ್ಲಚ್ಚು ಹಿಡಿಯದೆ ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ತೊಟ್ಟಿಲಿನಂತೆ ತೂಗಿ. ಮೇಲಿನ ಗೇರಿನಲ್ಲಿ ಚಕ್ರದ ಬಲ ಎಂಜಿನ್ನಿಗೆ ಚೆನ್ನಾಗಿ ಮುಟ್ಟುತ್ತದೆ; ಅತಿಯಾದರೆ ಕ್ಲಚ್ಚು ಜಾರಿ ಎಂಜಿನ್ನನ್ನು ಕಾಪಾಡುತ್ತದೆ. ಕಿಕ್ಕಿಗೆ ಆ ದಯೆಯಿಲ್ಲ. ಜಾವಾದಲ್ಲಿ ಗೇರಿನ ಕಡ್ಡಿಯನ್ನೇ ಒಳಕ್ಕೊತ್ತಿ ಮೇಲೆತ್ತಿದರೆ ಕಿಕ್ಕಾಗುತ್ತದಲ್ಲವೆ? ಅದರ ಮೇಲೆ ಕುಣಿದು ಹಲ್ಲು ಮುರಿದಿರೋ, ಕಿಕ್ಕಿನೊಡನೆ ಗೇರಿನ ರಿಪೇರಿಯೂ ತಲೆಗೆ ಬಂದೀತು. ಒಂದು ದಿನ ಚಕ್ರದೊಡನೆ ಎಂಜಿನ್ನು ಕೂದಲೆಳೆಯಷ್ಟು ಕದಲುತ್ತದೆ. ಆಗ ಉತ್ಸಾಹದಿಂದ ಗಾಡಿಯನ್ನು ರಸ್ತೆಗೆ ತಳ್ಳಬೇಡಿ. ಮತ್ತೆ ಎಣ್ಣೆ ಬಿಟ್ಟು, ಮಾರನೆಯ ದಿನ ಮತ್ತಷ್ಟು ತೂಗಿ. ಪೂರ್ತಿ ಸುತ್ತು ಬರುವಾಗ ಕರಕರ ಸದ್ದು ಕೇಳಿದರೆ ಕ್ರ್ಯಾಂಕಿನ ಬೇರಿಂಗುಗಳಿಗೂ ತುಕ್ಕು ಹಿಡಿದಿದೆಯೆಂದು ಅರ್ಥ. ಹಾಗಿದ್ದರೆ ಎಂಜಿನ್ನು ಬಿಚ್ಚದೆ ಗತಿಯಿಲ್ಲ. ಸದ್ದಿಲ್ಲದಿದ್ದರೂ ತಲೆಯನ್ನು ತೆಗೆದು ಸಿಲಿಂಡರಿನ ಗೋಡೆಯಲ್ಲಿ ತುಕ್ಕು ಕೊರೆದ ಗುಳಿಗಳಿವೆಯೇ, ರಿಂಗುಗಳು ಸಡಿಲಾಗಿವೆಯೇ ಎಂದು ಬಲ್ಲವರಿಗೆ ತೋರಿಸುವುದು ಮೇಲು.

ಎಂಜಿನ್ನು ತಿರುಗಿತೆಂಬ ಸಂಭ್ರಮದಲ್ಲಿ ಎಲ್ಲರೂ ಮರೆಯುವುದು ಬ್ರೇಕನ್ನು. ಕಚ್ಚಿಕೊಂಡ ಎಂಜಿನ್ನು ಯಾರ ಜೀವವನ್ನೂ ತೆಗೆಯಲಾರದು, ಅದು ಶೆಡ್ಡಿನಲ್ಲಿ ಸುಮ್ಮನೆ ನಿಂತಿರುತ್ತದೆ. ಡ್ರಮ್ಮಿನೊಳಗೆ ಬ್ರೇಕ್ ಶೂಗಳನ್ನು ಅಗಲಿಸುವ ಒಂದು ಸಣ್ಣ ಕಂಬಿಯಿದೆ. ಅದಕ್ಕೆ ತುಕ್ಕು ಹಿಡಿದಿದ್ದರೆ ಬ್ರೇಕು ಹಿಡಿದದ್ದು ಬಿಡುವುದಿಲ್ಲ, ಇಲ್ಲವೆ ಹಿಡಿಯುವುದೇ ಇಲ್ಲ. ಅದು ಗೊತ್ತಾಗುವುದು ತುಂಗಾ ಸೇತುವೆಯ ಮೇಲೆ ಎದುರಿಗೆ ಬಸ್ಸು ಬಂದಾಗ. ಎರಡೂ ಚಕ್ರಗಳನ್ನು ತೆಗೆದು, ಆ ಕಂಬಿಯನ್ನು ಬಿಡಿಸಿ, ನುಣುಪು ಕಾಗದದಿಂದ ಉಜ್ಜಿ, ಬೆರಳಿಗೆ ಅಂಟುವಷ್ಟೇ ಗ್ರೀಸು ಸವರಿ ಕೂರಿಸಬೇಕು. ಲೈನಿಂಗಿಗೆ ಎಣ್ಣೆಯ ಸೋಂಕೂ ಆಗಬಾರದು. ಇನ್ನೊಂದು ಮಾತು. ಆ ಕಾಲದ ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಡ್ರಮ್ಮಿನ ಧೂಳನ್ನು ಬಾಯಿಂದ ಊದಬೇಡಿ, ಗಾಳಿಯ ಪಂಪಿನಿಂದಲೂ ಹಾರಿಸಬೇಡಿ. ಒದ್ದೆ ಬಟ್ಟೆಯಿಂದ ಒರಸಿ, ಆ ಬಟ್ಟೆಯನ್ನು ಒಣಗುವ ಮುನ್ನವೇ ಚೀಲದಲ್ಲಿ ಕಟ್ಟಿ ಎಸೆಯಿರಿ. ಮಕ್ಕಳು ಹತ್ತಿರ ಸುಳಿಯದಿರಲಿ.

ಕೊನೆಗೆ ಚಾಲೂ ಮಾಡುವ ದಿನ. ಇಷ್ಟು ದಿನ ಬಿಟ್ಟ ಎಣ್ಣೆಯಲ್ಲಿ ಒಂದಿಷ್ಟು ಕ್ರ್ಯಾಂಕಿನ ಕೋಣೆಯಲ್ಲಿ ನಿಂತಿರುತ್ತದೆ. ಆದಕಾರಣ ಪ್ಲಗ್ಗು ಹಾಕದೆ, ತೂತಿಗೆ ಬಟ್ಟೆ ಅಡ್ಡ ಹಿಡಿದು, ನಾಲ್ಕು ಸಲ ಕಿಕ್ಕು ಒತ್ತಿ ಅದನ್ನು ಹೊರಗೆ ಉಗುಳಿಸಿ. ಹಳೆಯ ಪೆಟ್ರೋಲನ್ನು ಚೆಲ್ಲಿ ಹೊಸದಕ್ಕೆ ಎಣ್ಣೆ ಬೆರೆಸಿ. ಗೇರುಪೆಟ್ಟಿಗೆಯ ಎಣ್ಣೆಯನ್ನೂ ಬದಲಿಸಿ. ಎಂಜಿನ್ನು ಹೊತ್ತಿಕೊಂಡ ಮೊದಲ ಹತ್ತು ನಿಮಿಷ ಎರಡು ಸೈಲೆನ್ಸರುಗಳಿಂದಲೂ ಬಿಳಿಯ ಹೊಗೆ ದಟ್ಟವಾಗಿ ಬರುತ್ತದೆ. ಹೆದರಬೇಡಿ, ಅದು ನೀವೇ ಹೊಯ್ದ ಎಣ್ಣೆ. ಬಯಲಿನಲ್ಲಿ ನಿಲ್ಲಿಸಿಯೇ ಚಾಲೂ ಮಾಡಿ, ಅದಕ್ಕೆ ಮೊದಲು ತಂತಿಯ ಮೇಲೆ ಒಣಹಾಕಿದ ಬಟ್ಟೆಗಳನ್ನು ಒಳಗೆ ತೆಗೆದುಕೊಳ್ಳುವಂತೆ ಮನೆಯವರಿಗೂ ನೆರೆಮನೆಯವರಿಗೂ ಒಂದು ಮಾತು ಹೇಳಿಬಿಡಿ.